ಏಳು ಸರ್ವರ್, ನಾಲ್ಕು ಆಪರೇಟಿಂಗ್ ಸಿಸ್ಟಂ: ಎಲ್ಲವನ್ನೂ ಒಂದಕ್ಕೆ ತರಬೇಕೇ, ಇದ್ದಂತೆಯೇ ನೋಡಿಕೊಳ್ಳಬೇಕೇ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಂಟು ತಿಂಗಳಿನಿಂದ ಸರ್ವರ್‌ಗಳ ಹೊಣೆ ಹೊತ್ತಿದ್ದೇನೆ. ನನಗಿಂತ ಮೊದಲು ಈ ಜಾಗದಲ್ಲಿದ್ದವರು ಹನ್ನೆರಡು ವರ್ಷ ಕೆಲಸ ಮಾಡಿ ನಿವೃತ್ತರಾದರು. ಅವರು ಆಯಾ ಕಾಲಕ್ಕೆ, ಆಯಾ ಕೆಲಸಕ್ಕೆ ಯಾವುದು ತಕ್ಕುದೆನಿಸಿತೋ ಅದನ್ನು ಹಾಕುತ್ತ ಬಂದಿದ್ದಾರೆ. ಹಾಗಾಗಿ ಪರೀಕ್ಷಾ ವಿಭಾಗದ ಅಂಕಪಟ್ಟಿ ತಂತ್ರಾಂಶವೂ ಅದರ ಡೇಟಾಬೇಸೂ ಇರುವ ಎರಡು ಯಂತ್ರಗಳಲ್ಲಿ ಸೆಂಟ್‌ಒಎಸ್ 7, ಗ್ರಂಥಾಲಯದ ಕೋಹಾ ಮತ್ತು ಪಾಠಗಳ ಮೂಡಲ್ ನಡೆಯುವ ಎರಡರಲ್ಲಿ ಡೆಬಿಯನ್ 12, ಕಾಲೇಜಿನ ಜಾಲತಾಣದ ಯಂತ್ರದಲ್ಲಿ ಡೆಬಿಯನ್ 11, ಎಲ್ಲ ವಿಭಾಗಗಳ ಫೈಲು ಮತ್ತು ಬ್ಯಾಕಪ್ ಇರುವ ದೊಡ್ಡ ಯಂತ್ರದಲ್ಲಿ ಫ್ರೀಬಿಎಸ್‌ಡಿ 13, ಹೊರಗಿನ ಇಂಟರ್‌ನೆಟ್‌ಗೂ ನಮ್ಮ ಒಳಜಾಲಕ್ಕೂ ನಡುವೆ ಫೈರ್‌ವಾಲ್ ಆಗಿ ಓಪನ್‌ಬಿಎಸ್‌ಡಿ 7.6 ಇವೆ. ನಾನು ಕಲಿತದ್ದೆಲ್ಲ ಡೆಬಿಯನ್ ಮೇಲೆ.

ಕಳೆದ ತಿಂಗಳು ಒಂದು ಘಟನೆ ನಡೆಯಿತು. ಯಾವ ಸರ್ವರಿಗೂ ಪಾಸ್‌ವರ್ಡ್ ಬಳಸಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಲಾಗಿನ್ ಆಗುವ ವಿಧಾನ) ಮೂಲಕ ಒಳಬರಲು ಆಗಬಾರದು, ಕೀ ಇದ್ದವರು ಮಾತ್ರ ಬರಬೇಕು ಎಂದು ತೀರ್ಮಾನಿಸಿ, ಅದಕ್ಕಾಗಿ ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ಫೈಲಿನ ಪಠ್ಯ ತಿದ್ದುವ ಸೆಡ್ ಕಮಾಂಡಿನಿಂದ, ಈ ಲಾಗಿನ್‌ಗಳನ್ನು ಸ್ವೀಕರಿಸುವ ಎಸ್‌ಎಸ್‌ಎಚ್‌ಡಿಯ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲನ್ನು ಬದಲಿಸಿ, ಸೇವೆಯನ್ನು ಮರಳಿ ಆರಂಭಿಸಿ, ಕೊನೆಯಲ್ಲಿ ‘ಮುಗಿಯಿತು’ ಎಂದು ಮುದ್ರಿಸುವಷ್ಟೇ ಅದರ ಕೆಲಸ. ಏಳೂ ಯಂತ್ರಗಳಲ್ಲಿ ‘ಮುಗಿಯಿತು’ ಎಂದು ಬಂತು. ಎರಡು ವಾರದ ನಂತರ ಸಹೋದ್ಯೋಗಿಯೊಬ್ಬರು ನನ್ನ ಎದುರಿಗೇ ಕುಳಿತು ಫ್ರೀಬಿಎಸ್‌ಡಿ ಯಂತ್ರಕ್ಕೆ ಹಳೆಯ ಪಾಸ್‌ವರ್ಡ್ ಕೊಟ್ಟು ಸಲೀಸಾಗಿ ಒಳಹೋದರು. ಎಲ್ಲರ ಬ್ಯಾಕಪ್ ಇರುವ ಯಂತ್ರವೇ ತೆರೆದುಕೊಂಡಿತ್ತು ಎಂಬುದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ನನ್ನ ಪ್ರಶ್ನೆಗಳು ಎರಡು. ಸ್ಕ್ರಿಪ್ಟ್ ತಪ್ಪಿದ್ದೆಲ್ಲಿ? ಇಷ್ಟು ಬಗೆಯ ವ್ಯವಸ್ಥೆಗಳನ್ನು ಒಬ್ಬಳೇ ನೋಡಿಕೊಳ್ಳುವುದಕ್ಕಿಂತ, ದೀರ್ಘ ರಜೆಯಲ್ಲಿ ಎಲ್ಲವನ್ನೂ ಡೆಬಿಯನ್‌ಗೆ ತರುವುದು ಜಾಣತನವೇ? ಪ್ರಾಂಶುಪಾಲರು ಒಪ್ಪಿದ್ದಾರೆ, ಆದರೆ ನನಗೇ ಧೈರ್ಯ ಸಾಲುತ್ತಿಲ್ಲ.

ಉತ್ತರ: ಹಳೇಬೇರು

ಮೇಡಂ, ನಮಸ್ಕಾರ. ಮೊದಲು ಸ್ಕ್ರಿಪ್ಟಿನ ಸಂಗತಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಒಂದರ ಹಿಂದೆ ಒಂದರಂತೆ ಮೂರು ಅಡ್ಡಿಗಳು ಅಡಗಿವೆ.

ಒಂದನೆಯದು ಸೆಡ್. ಫೈಲನ್ನು ಇದ್ದಲ್ಲಿಯೇ ತಿದ್ದುವ ‘ಐ’ ಆಯ್ಕೆಗೆ ಲಿನಕ್ಸ್‌ನ ಸೆಡ್‌ನಲ್ಲಿ ಬೇರೇನೂ ಕೊಡಬೇಕಾಗಿಲ್ಲ. ಫ್ರೀಬಿಎಸ್‌ಡಿಯ ಸೆಡ್ ಮಾತ್ರ ಅದರ ಮುಂದಿನ ಪದವನ್ನು ಬ್ಯಾಕಪ್ ಫೈಲಿನ ಹೆಸರಿಗೆ ಅಂಟಿಸಬೇಕಾದ ಬಾಲ ಎಂದು ತಿಳಿಯುತ್ತದೆ. ಅಂದರೆ ನಿಮ್ಮ ಬದಲಾವಣೆಯ ಸೂತ್ರವನ್ನೇ ಬಾಲವೆಂದುಕೊಂಡು, ಫೈಲಿನ ಹೆಸರನ್ನು ಸೂತ್ರವೆಂದು ಓದಲು ಹೋಗಿ, ದೋಷ ತೋರಿಸಿ ನಿಂತಿರುತ್ತದೆ. ಸ್ಕ್ರಿಪ್ಟಿನ ಮೊದಲಲ್ಲಿ ‘ಸೆಟ್ ಇ’ ಇಲ್ಲದಿದ್ದರೆ ದೋಷ ಬಂದರೂ ಶೆಲ್ ಮುಂದಿನ ಸಾಲಿಗೆ ಹೋಗುತ್ತದೆ, ‘ಮುಗಿಯಿತು’ ಎಂದೂ ಮುದ್ರಿಸುತ್ತದೆ. ಬಿಎಸ್‌ಡಿ ಎಂದ ಮಾತ್ರಕ್ಕೆ ಎಲ್ಲವೂ ಹೀಗೆಯೇ ಎಂದು ಭಾವಿಸಬೇಡಿ. ಈ ವಿಷಯದಲ್ಲಿ ಓಪನ್‌ಬಿಎಸ್‌ಡಿಯ ಸೆಡ್ ಲಿನಕ್ಸ್‌ನಂತೆಯೇ ನಡೆದುಕೊಳ್ಳುತ್ತದೆ. ಆದ್ದರಿಂದ ಫೈರ್‌ವಾಲ್‌ನಲ್ಲಿ ನಿಮ್ಮ ಸ್ಕ್ರಿಪ್ಟ್ ಬಹುಶಃ ಸರಿಯಾಗಿಯೇ ಓಡಿದೆ.

ಎರಡನೆಯದು ಮೂಲ ಫೈಲಿನಲ್ಲಿರುವ ಸಾಲು. ಡೆಬಿಯನ್ನಿನ ಫೈಲಿನಲ್ಲಿ ಟಿಪ್ಪಣಿಯ ಗುರುತಿನೊಂದಿಗೆ ‘ಪಾಸ್‌ವರ್ಡ್ ಅಥೆಂಟಿಕೇಶನ್ ಯೆಸ್’ ಎಂದಿರುತ್ತದೆ, ನೀವು ಅದನ್ನೇ ಹುಡುಕಿರುತ್ತೀರಿ. ಫ್ರೀಬಿಎಸ್‌ಡಿಯ ಫೈಲಿನಲ್ಲಿ ಅದೇ ಸಾಲು ಮೊದಲಿನಿಂದಲೇ ‘ನೋ’ ಎಂದಿದೆ. ಸೆಡ್ ಸರಿಯಾಗಿ ಓಡಿದ್ದರೂ ಹುಡುಕಿದ ಪದ ಸಿಗದೆ ಸುಮ್ಮನಿರುತ್ತಿತ್ತು.

ಮೂರನೆಯದೇ ಅಪಾಯಕಾರಿ. ಅಲ್ಲಿ ಮೊದಲಿನಿಂದಲೇ ‘ನೋ’ ಇದ್ದರೂ ನಿಮ್ಮ ಸಹೋದ್ಯೋಗಿ ಪಾಸ್‌ವರ್ಡ್ ಕೊಟ್ಟು ಒಳಹೋದದ್ದು ಹೇಗೆ? ಫ್ರೀಬಿಎಸ್‌ಡಿಯಲ್ಲಿ ‘ಕೆಬಿಡಿ ಇಂಟರಾಕ್ಟಿವ್ ಅಥೆಂಟಿಕೇಶನ್’ ಎಂಬ ಇನ್ನೊಂದು ಬಾಗಿಲು ಸಹಜವಾಗಿ ತೆರೆದಿರುತ್ತದೆ. ಅದು ಪ್ಯಾಮ್ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಮೂಲಕ ಅದೇ ಪಾಸ್‌ವರ್ಡನ್ನು ಕೇಳಿ ಪಡೆಯುತ್ತದೆ. ಬಳಕೆದಾರರ ಕಣ್ಣಿಗೆ ಎರಡೂ ಒಂದೇ, ಎಸ್‌ಎಸ್‌ಎಚ್‌ಡಿಗೆ ಅವು ಬೇರೆ ಬೇರೆ. ಡೆಬಿಯನ್ನಿನವರು ತಮ್ಮ ಫೈಲಿನಲ್ಲಿ ಈ ಎರಡನೆಯ ಬಾಗಿಲನ್ನು ಮುಚ್ಚಿಯೇ ಕೊಡುವುದರಿಂದ ನಿಮಗೆ ಅದರ ಪರಿಚಯವೇ ಆಗಿರುವುದಿಲ್ಲ.

ಹಾಗಾಗಿ ಫೈಲನ್ನು ತಿದ್ದಿದೆವು ಎಂಬಲ್ಲಿಗೆ ಕೆಲಸ ಮುಗಿಯಿತೆಂದು ಯಾವ ಯಂತ್ರದಲ್ಲೂ ತಿಳಿಯಬಾರದು. ಎಸ್‌ಎಸ್‌ಎಚ್‌ಡಿಯನ್ನೇ ದೊಡ್ಡ ‘ಟಿ’ ಆಯ್ಕೆಯೊಂದಿಗೆ ಓಡಿಸಿದರೆ ಎಲ್ಲ ಫೈಲುಗಳನ್ನೂ ಓದಿ ಕೊನೆಗೆ ಯಾವ ಬೆಲೆಗಳನ್ನು ಒಪ್ಪಿಕೊಂಡಿದೆ ಎಂಬುದನ್ನು ಸಾಲುಸಾಲಾಗಿ ಹೇಳುತ್ತದೆ. ಈ ಕಮಾಂಡ್ ನಿಮ್ಮ ನಾಲ್ಕೂ ವ್ಯವಸ್ಥೆಗಳಲ್ಲಿ ಒಂದೇ. ಅದರ ಮೇಲೆ, ನಿಮ್ಮ ಲ್ಯಾಪ್‌ಟಾಪಿನಿಂದ ಕೀಯನ್ನು ಬೇಕೆಂದೇ ಬದಿಗಿಟ್ಟು ಒಳಹೋಗಲು ಪ್ರಯತ್ನಿಸಿ. ‘ಪರ್ಮಿಶನ್ ಡಿನೈಡ್’ ಎಂಬ ಉತ್ತರದ ಪಕ್ಕದ ಆವರಣದಲ್ಲಿ ‘ಪಬ್ಲಿಕ್ ಕೀ’ ಒಂದೇ ಕಾಣಬೇಕು. ಬೇರೆ ಪದವೂ ಅಲ್ಲಿದ್ದರೆ ಯಾವುದೋ ಬಾಗಿಲು ಇನ್ನೂ ತೆರೆದಿದೆ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಎಲ್ಲವನ್ನೂ ಒಂದೇ ರಜೆಯಲ್ಲಿ ಬದಲಿಸಬೇಡಿ. ನಿಮ್ಮಲ್ಲಿ ನಿಜವಾಗಿ ಹೊತ್ತಿ ಉರಿಯುತ್ತಿರುವುದು ಸೆಂಟ್‌ಒಎಸ್ 7. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಈಗ ಅದರಲ್ಲಿ ‘ಯಮ್ ಅಪ್‌ಡೇಟ್’ ಎಂದರೆ ಮಿರರ್‌ಲಿಸ್ಟ್‌ನ ವಿಳಾಸವೇ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಎಷ್ಟೋ ಮಂದಿ ಅದನ್ನು ತಮ್ಮ ಡಿಎನ್‌ಎಸ್ ತೊಂದರೆ ಎಂದುಕೊಂಡು ದಿನಗಟ್ಟಲೆ ತಡಕಾಡಿದ್ದಾರೆ. ವಿಳಾಸವನ್ನು ವಾಲ್ಟ್ ಎಂಬ ಹಳೆಯ ಸಂಗ್ರಹಕ್ಕೆ ಬದಲಿಸಿದರೆ ಹಳೆಯ ಪ್ಯಾಕೇಜುಗಳು ಸಿಗುತ್ತವೆ, ಹೊಸ ಭದ್ರತಾ ಪ್ಯಾಚ್ ಒಂದೂ ಸಿಗುವುದಿಲ್ಲ.

ಅದನ್ನು ಕೂತಲ್ಲಿಯೇ ಮೇಲೇರಿಸಲು ಅಲ್ಮಾಲಿನಕ್ಸ್‌ನವರ ಎಲಿವೇಟ್ ಎಂಬ ಸಾಧನವಿದೆ. ಅಂಕಪಟ್ಟಿಯ ಯಂತ್ರಕ್ಕೆ ಅದನ್ನು ಹಚ್ಚಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸೆಂಟ್‌ಒಎಸ್ 7ರ ಪಿಎಚ್‌ಪಿ 5.4, ಮಾರಿಯಾಡಿಬಿ 5.5. ಆ ಕಾಲದ ತಂತ್ರಾಂಶದ ಒಳಗೆ ‘ಮೈಎಸ್‌ಕ್ಯುಎಲ್ ಕನೆಕ್ಟ್’ ಎಂಬ ಹಳೆಯ ಫಂಕ್ಷನ್ ಇದ್ದೇ ಇರುತ್ತದೆ, ಪಿಎಚ್‌ಪಿ 7.0 ಬಂದಾಗ ಅದನ್ನು ಕಿತ್ತುಹಾಕಿದರು. ಆಪರೇಟಿಂಗ್ ಸಿಸ್ಟಂ ಚೆನ್ನಾಗಿ ಮೇಲೇರಿ, ಪರೀಕ್ಷಾ ವಿಭಾಗದ ಪರದೆ ಮಾತ್ರ ಬಿಳಿಯಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಹೊಸ ಯಂತ್ರ ಕಟ್ಟಿ, ಡೇಟಾಬೇಸಿನ ಡಂಪ್ ತೆಗೆದು ಅಲ್ಲಿ ಇಳಿಸಿ, ಕಳೆದ ಸೆಮಿಸ್ಟರಿನ ಫಲಿತಾಂಶವನ್ನು ಎರಡರಲ್ಲೂ ತೆಗೆದು ಸಾಲಿಗೆ ಸಾಲು ಹೋಲಿಸಿ ನೋಡಿದ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು. ಆ ಹೊಸ ಯಂತ್ರ ಡೆಬಿಯನ್ ಆಗಿರಲಿ, ನಿಮಗೆ ಬರುವುದು ಅದೇ ಆದ್ದರಿಂದ. ಹೀಗೆ ನಾಲ್ಕು ಬಗೆ ಮೂರಾಗುತ್ತದೆ.

ಡೆಬಿಯನ್ 11ರ ದೀರ್ಘಾವಧಿ ಬೆಂಬಲದ ಗಡುವು 2026ರ ಆಗಸ್ಟ್ 31, ಫ್ರೀಬಿಎಸ್‌ಡಿ 13ರದ್ದು 2026ರ ಏಪ್ರಿಲ್ 30. ಇವೆರಡರ ಸರದಿ ಸೆಂಟ್‌ಒಎಸ್ ಆದ ಮೇಲೆ. ಡೆಬಿಯನ್ 12ರ ಬಗ್ಗೆ ಒಂದು ಸಂಗತಿ ನೆನಪಿರಲಿ: ಡೆಬಿಯನ್ 12ರಿಂದ ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಲಾಗನ್ನು ಫೈಲುಗಳಿಗೆ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಲಾಗ್ ಎಲ್ಲ ಜರ್ನಲ್‌ನಲ್ಲಿ ಇರುತ್ತದೆ. ನಿಮ್ಮ ಕೋಹಾ, ಮೂಡಲ್ ಯಂತ್ರಗಳಲ್ಲಿ ಫೇಲ್‌ಟುಬ್ಯಾನ್ (ಮತ್ತೆ ಮತ್ತೆ ತಪ್ಪು ಲಾಗಿನ್ ಮಾಡುವವರನ್ನು ತಡೆಯುವ ತಂತ್ರಾಂಶ) ಹಾಕಿದ್ದರೆ, ಅದು ‘ಆಥ್ ಲಾಗ್’ ಫೈಲನ್ನು ಹುಡುಕಿ ಕಾಣದೆ ಆರಂಭವೇ ಆಗದೆ ಬಿದ್ದಿರಬಹುದು. ಇಂದೇ ಒಮ್ಮೆ ನೋಡಿ. ಹಾಗಾಗಿದ್ದರೆ ಅದರ ಬ್ಯಾಕ್‌ಎಂಡ್ ‘ಸಿಸ್ಟಂಡಿ’ ಎಂದು ಬದಲಿಸಿದರೆ ಸಾಕು.

ಉತ್ತರ: ಕಡಲದಂಡೆ

ಹಳೇಬೇರು ಅವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಆದರೆ ಹೊಸ ಯಂತ್ರ ಸಿದ್ಧವಾಗುವವರೆಗೆ ಆ ಎರಡು ಸೆಂಟ್‌ಒಎಸ್ ಯಂತ್ರಗಳನ್ನು ಎಲ್ಲರಿಗೂ ಕಾಣುವಂತೆ ಬಿಡಬಾರದು. ಪರೀಕ್ಷಾ ವಿಭಾಗದ ಕಂಪ್ಯೂಟರುಗಳ ಹೊರತು ಬೇರೆ ಯಾರೂ ಅವನ್ನು ತಲುಪದಂತೆ ಫೈರ್‌ವಾಲ್‌ನಲ್ಲಿ ಇಂದೇ ನಿಯಮ ಹಾಕಬೇಕು. ಅಲ್ಲಿಗೆ ನೀವು ಓಪನ್‌ಬಿಎಸ್‌ಡಿಯ ಫೈರ್‌ವಾಲ್ ತಂತ್ರಾಂಶವಾದ ಪಿಎಫ್ ಅನ್ನು ಮುಟ್ಟಲೇಬೇಕಾಗುತ್ತದೆ. ಅದಕ್ಕೆ ಮೊದಲು ನನಗಾದ ಅನುಭವವನ್ನು ಕೇಳಿ.

ನಾನು ಮಂಗಳೂರಿನಲ್ಲಿ ಕುಳಿತು ಬೆಂಗಳೂರಿನ ಒಂದು ಫೈರ್‌ವಾಲ್ ನೋಡಿಕೊಳ್ಳುತ್ತಿದ್ದ ದಿನಗಳವು. ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ವರ್ಷಗಟ್ಟಲೆ ಕೈ ಪಳಗಿತ್ತು. ಅಲ್ಲಿ ಮೇಲಿನಿಂದ ಓದುತ್ತ ಬಂದು ಮೊದಲು ಹೊಂದಿದ ನಿಯಮವೇ ತೀರ್ಪು. ಬಿಡಬೇಕಾದವನ್ನು ಮೇಲೆ ಬರೆದು ‘ಉಳಿದದ್ದೆಲ್ಲ ತಡೆ’ ಎಂದು ಕೊನೆಯಲ್ಲಿ ಹಾಕುವುದು ರೂಢಿ. ಪಿಎಫ್‌ನಲ್ಲಿಯೂ ಹಾಗೆಯೇ ಬರೆದೆ. ಪಿಎಫ್ ಮಾತ್ರ ಎಲ್ಲ ನಿಯಮಗಳನ್ನೂ ಓದಿ ಕೊನೆಯದಾಗಿ ಹೊಂದಿದ್ದನ್ನು ಪಾಲಿಸುತ್ತದೆ, ನಿಯಮದಲ್ಲಿ ‘ಕ್ವಿಕ್’ ಎಂದಿದ್ದರೆ ಮಾತ್ರ ಅಲ್ಲಿಯೇ ನಿಲ್ಲುತ್ತದೆ. ನನ್ನ ಕೊನೆಯ ಸಾಲು ‘ಬ್ಲಾಕ್ ಆಲ್’ ಆಗಿತ್ತು, ಅಂದರೆ ಮೇಲಿನ ಅನುಮತಿಗಳೆಲ್ಲ ವ್ಯರ್ಥ.

ಅದಕ್ಕಿಂತ ಮುಖ್ಯವಾದುದು ಮುಂದಿದೆ. ನಿಯಮ ಹಾಕಿದ ಮೇಲೂ ನನ್ನ ಎಸ್‌ಎಸ್‌ಎಚ್ ಕಿಟಕಿ ಚೆನ್ನಾಗಿಯೇ ಓಡುತ್ತಿತ್ತು. ಪಿಎಫ್ ಪ್ರತಿ ಸಂಪರ್ಕದ ಸ್ಥಿತಿಯನ್ನು ಒಂದು ಕೋಷ್ಟಕದಲ್ಲಿ ಇಟ್ಟುಕೊಂಡಿರುತ್ತದೆ. ಹೊಸ ನಿಯಮ ತುಂಬಿದಾಗ ಹಳೆಯ ಸಂಪರ್ಕಗಳನ್ನು ಅದು ಕಡಿಯುವುದಿಲ್ಲ. ಎಲ್ಲ ಸರಿಯಿದೆ ಎಂದು ತೃಪ್ತಿಯಿಂದ ಲಾಗೌಟ್ ಆದೆ. ಮರುಕ್ಷಣ ಒಳಗೆ ಹೋಗಲಾಗಲಿಲ್ಲ, ನನಗಷ್ಟೇ ಅಲ್ಲ, ಆ ಕಚೇರಿಯ ಯಾರಿಗೂ. ರಾತ್ರಿಯ ಬಸ್ಸು ಹಿಡಿದು ಶಿರಾಡಿ ಘಾಟಿ ಹತ್ತಿ, ಬೆಳಗ್ಗೆ ಯಂತ್ರದ ಎದುರೇ ಕುಳಿತು ಒಂದು ಸಾಲನ್ನು ಕೆಳಗಿನಿಂದ ಮೇಲಕ್ಕೆ ಸರಿಸಿ ಬಂದೆ.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ‘ಪಿಎಫ್‌ಸಿಟಿಎಲ್’ಗೆ ‘ಎನ್ಎಫ್’ ಆಯ್ಕೆ ಕೊಟ್ಟು ಫೈಲಿನ ವ್ಯಾಕರಣ ಸರಿಯಿದೆಯೇ ಎಂದು ಮೊದಲು ನೋಡುತ್ತೇನೆ. ಇದರಿಂದ ನಿಯಮ ಜಾರಿಯಾಗುವುದಿಲ್ಲ. ಆಮೇಲೆ ‘ಅಟ್’ ಕಮಾಂಡಿನಿಂದ ಹತ್ತು ನಿಮಿಷದ ನಂತರ ಹಳೆಯ ನಿಯಮಗಳೇ ಮರಳುವಂತೆ ಹೇಳಿಡುತ್ತೇನೆ. ಹೊಸದನ್ನು ಜಾರಿ ಮಾಡಿ, ತೆರೆದ ಕಿಟಕಿಯನ್ನು ಮುಚ್ಚದೆ, ಬೇರೊಂದು ಕಿಟಕಿಯಿಂದ ಹೊಸದಾಗಿ ಒಳಬರುತ್ತೇನೆ. ಬರಲು ಆದರೆ ಆ ‘ಅಟ್’ ಕೆಲಸವನ್ನು ರದ್ದು ಮಾಡುತ್ತೇನೆ, ಆಗದಿದ್ದರೆ ಕೈಕಟ್ಟಿ ಹತ್ತು ನಿಮಿಷ ಕಾಯುತ್ತೇನೆ.

ನಿಮ್ಮ ಫ್ರೀಬಿಎಸ್‌ಡಿಯಲ್ಲಿಯೂ ಪಿಎಫ್ ಇದೆ, ಅದು ಓಪನ್‌ಬಿಎಸ್‌ಡಿಯಿಂದಲೇ ಬಂದದ್ದು. ಹಾಗೆಂದು ಒಂದರ ಫೈಲನ್ನು ಇನ್ನೊಂದಕ್ಕೆ ನಕಲು ಮಾಡಬೇಡಿ. 2010ರಲ್ಲಿ ಓಪನ್‌ಬಿಎಸ್‌ಡಿ 4.7 ಬಂದಾಗ ವಿಳಾಸ ಬದಲಾವಣೆಯ, ಅಂದರೆ ನ್ಯಾಟ್‌ನ, ಬರವಣಿಗೆಯ ಕ್ರಮವನ್ನೇ ಅವರು ಬದಲಿಸಿದರು. ನಿಮ್ಮ ಫ್ರೀಬಿಎಸ್‌ಡಿ 13 ಹಳೆಯ ಕ್ರಮದಲ್ಲೇ ಇದೆ.

ಇನ್ನು 7.6ರ ವಿಷಯ. ಓಪನ್‌ಬಿಎಸ್‌ಡಿಯವರು ಆರು ತಿಂಗಳಿಗೊಂದು ಆವೃತ್ತಿ ತಂದು, ಇತ್ತೀಚಿನ ಎರಡಕ್ಕೆ ಮಾತ್ರ ಪ್ಯಾಚ್ ಕೊಡುತ್ತಾರೆ. 2025ರಲ್ಲಿ 7.8 ಬಂದಾಗಲೇ ನಿಮ್ಮ 7.6 ಸಾಲಿನಿಂದ ಹೊರಗೆ ಬಿದ್ದಿತು. ಇದನ್ನು ಓದಿ ಗಾಬರಿಯಾಗಬೇಡಿ, ಏಕೆಂದರೆ ನಾನು ಕಂಡ ಆವೃತ್ತಿ ಬದಲಾವಣೆಗಳಲ್ಲಿ ಇಷ್ಟು ಸರಳವಾದುದು ಇನ್ನೊಂದಿಲ್ಲ: ‘ಸಿಸ್‌ಅಪ್‌ಗ್ರೇಡ್’ ಎಂದರೆ ತಾನೇ ಇಳಿಸಿಕೊಂಡು, ಸಹಿಯನ್ನು ಪರಿಶೀಲಿಸಿ, ರೀಬೂಟ್ ಆಗಿ, ಸ್ಥಾಪಿಸಿ ಮತ್ತೆ ಏಳುತ್ತದೆ. ಒಂದೊಂದೇ ಮೆಟ್ಟಿಲು ಹತ್ತಬೇಕು, 7.6ರಿಂದ 7.7, ಅಲ್ಲಿಂದ 7.8. ಪ್ರತಿ ಮೆಟ್ಟಿಲಿನಲ್ಲೂ ಆ ಆವೃತ್ತಿಯ ಅಪ್‌ಗ್ರೇಡ್ ಪುಟವನ್ನು ಓದಿ, ‘ಪಿಕೆಜಿ ಆಡ್ ಯು’ ಓಡಿಸಿ, ಬಿಟ್ಟುಹೋದ ‘ಸಿಸ್‌ಪ್ಯಾಚ್’ಗಳನ್ನು ಹಾಕಿಕೊಳ್ಳಿ. ನಿಮ್ಮ ಕಡೆ ಮಳೆಗಾಲದಲ್ಲಿ ವಿದ್ಯುತ್ ಹೋಗುವುದು ಹೆಚ್ಚೆಂದು ತಿಳಿದು ಒಂದು ಮಾತು ಸೇರಿಸುತ್ತೇನೆ: ಆ ಯಂತ್ರಕ್ಕೆ ಒಂದು ಮಾನಿಟರ್, ಕೀಬೋರ್ಡ್ ಸದಾ ಜೋಡಿಸಿಡಿ. ಥಟ್ಟನೆ ಕರೆಂಟು ಹೋಗಿ ಬಂದಾಗ ಡಿಸ್ಕ್ ತಪಾಸಣೆ ತಾನಾಗಿ ಮುಗಿಯದಿದ್ದರೆ ಅದು ಯಾರಾದರೂ ಬಂದು ಉತ್ತರ ಕೊಡಲಿ ಎಂದು ಕಾಯುತ್ತ ನಿಲ್ಲುತ್ತದೆ, ಅಷ್ಟು ಹೊತ್ತು ಇಡೀ ಕಾಲೇಜಿಗೆ ಇಂಟರ್‌ನೆಟ್ ಇರುವುದಿಲ್ಲ.

ಮರುಪ್ರಶ್ನೆ: ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಸ್‌ಎಸ್‌ಎಚ್‌ಡಿಯನ್ನು ಕೇಳಿ ನೋಡಿದೆ. ನೀವು ಹೇಳಿದ ಎರಡನೆಯ ಬಾಗಿಲು ತೆರೆದೇ ಇತ್ತು, ಮುಚ್ಚಿದೆ. ಫೇಲ್‌ಟುಬ್ಯಾನ್ ಮೂಡಲ್ ಯಂತ್ರದಲ್ಲಿ ನಿಜವಾಗಿಯೂ ಬಿದ್ದಿತ್ತು, ಯಾವತ್ತಿನಿಂದ ಎಂಬುದನ್ನು ನೋಡಲು ಮನಸ್ಸಾಗಲಿಲ್ಲ.

ಇನ್ನೆರಡು ಸಂದೇಹಗಳಿವೆ. ಹೊರಗಿನ ಸಂಸ್ಥೆಯೊಂದು ನಮ್ಮ ಸರ್ವರ್‌ಗಳನ್ನು ಸ್ಕ್ಯಾನ್ ಮಾಡಿ ವರದಿ ಕೊಟ್ಟಿದೆ. ಅದರ ಪ್ರಕಾರ ಡೆಬಿಯನ್ 12ರ ಓಪನ್‌ಎಸ್‌ಎಸ್‌ಎಚ್ 9.2 ‘ಅತಿ ಗಂಭೀರ’, ಸೆಂಟ್‌ಒಎಸ್ 7ರ 7.4 ಆ ದೋಷದಿಂದ ಮುಕ್ತ. ನಾನು ವಾರಕ್ಕೊಮ್ಮೆ ತಪ್ಪದೆ ಆಪ್ಟ್ ಓಡಿಸುವ ಯಂತ್ರಕ್ಕೆ ಕೆಂಪು ಗುರುತು, ಸತ್ತುಹೋದ ವ್ಯವಸ್ಥೆಗೆ ಹಸಿರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಲಿ? ಎರಡನೆಯದು, ಇವೆಲ್ಲವನ್ನೂ ಆನ್ಸಿಬಲ್‌ಗೆ (ಹಲವು ಯಂತ್ರಗಳನ್ನು ಒಂದೆಡೆಯಿಂದ ಸಜ್ಜುಗೊಳಿಸುವ ಸಾಧನ) ಒಪ್ಪಿಸಿದರೆ ನನ್ನ ಸ್ಕ್ರಿಪ್ಟಿಗಾದ ಗತಿ ತಪ್ಪುತ್ತದೆಯೇ?

ಉತ್ತರ: ಕೆರೆಏರಿ

ಮೇಡಂ, ಆ ವರದಿಯಲ್ಲಿರುವುದು 2024ರ ಜುಲೈ 1ರಂದು ಪ್ರಕಟವಾದ ‘ರಿಗ್ರೆಶನ್’ ಎಂಬ ದೋಷವಾಗಿರಬೇಕು. ನಿಮ್ಮ ಪರಿಸ್ಥಿತಿಗೆ ಹೇಳಿ ಮಾಡಿಸಿದ ಉದಾಹರಣೆ ಅದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಸ್‌ಎಸ್‌ಎಚ್‌ಡಿ ಪ್ರತಿಯೊಬ್ಬರಿಗೂ ಲಾಗಿನ್ ಆಗಲು ಇಂತಿಷ್ಟು ಸೆಕೆಂಡು ಎಂದು ಗಡುವು ಕೊಡುತ್ತದೆ. ಗಡುವು ಮೀರಿದಾಗ ಬರುವ ಸಂಕೇತವನ್ನು ಹಿಡಿಯುವ ಕೋಡ್ ಲಾಗ್ ಬರೆಯಲು ಹೋಗುತ್ತದೆ. ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿ ಇರುವ ಲಿನಕ್ಸ್‌ನಲ್ಲಿ, ಅಂಥ ಹೊತ್ತಿನಲ್ಲಿ ಲಾಗ್ ಬರೆಯುವುದು ಸುರಕ್ಷಿತವಲ್ಲ. ಮೆಮೊರಿ ಹಂಚಿಕೆ ನಡುವೆ ಇರುವಾಗಲೇ ಅಡ್ಡ ಬಂದರೆ ಒಳಗಿನ ಲೆಕ್ಕ ಕೆಟ್ಟು, ಹೊರಗಿನವರು ರೂಟ್, ಅಂದರೆ ಯಂತ್ರದ ಪೂರ್ಣ, ಅಧಿಕಾರ ಪಡೆಯುವ ದಾರಿ ತೆರೆಯುತ್ತದೆ. ಇದೇ ತಪ್ಪನ್ನು 2006ರಲ್ಲಿ ತಿದ್ದಿದ್ದರು, 8.5ಪಿ1ರಲ್ಲಿ ಅದು ಮರಳಿ ನುಸುಳಿತು, 9.8ಪಿ1ರಲ್ಲಿ ಮತ್ತೆ ತಿದ್ದಿದರು.

ಈಗ ನಿಮ್ಮ ಏಳು ಯಂತ್ರಗಳನ್ನು ನೋಡಿ. ಸೆಂಟ್‌ಒಎಸ್ 7ರಲ್ಲಿರುವುದು 7.4, ಡೆಬಿಯನ್ 11ರಲ್ಲಿರುವುದು 8.4, ಎರಡೂ ದೋಷ ಮರಳಿ ನುಸುಳುವುದಕ್ಕಿಂತ ಮುಂಚಿನವು, ಆದ್ದರಿಂದ ಪಾರಾದವು. ಓಪನ್‌ಬಿಎಸ್‌ಡಿಯವರು ಇಂಥ ಹೊತ್ತಿನಲ್ಲೂ ಸುರಕ್ಷಿತವಾಗಿ ಲಾಗ್ ಬರೆಯುವ ಬೇರೆಯೇ ಫಂಕ್ಷನ್ನನ್ನು 2001ರಲ್ಲೇ ಮಾಡಿಟ್ಟುಕೊಂಡಿದ್ದರಿಂದ ಅವರಿಗೆ ಇದು ತಟ್ಟಲೇ ಇಲ್ಲ. ಫ್ರೀಬಿಎಸ್‌ಡಿಯವರು ಅದೇ ದಿನ ತಮ್ಮದೇ ಪ್ರಕಟಣೆ ಹೊರಡಿಸಿ ಮೂಲ ವ್ಯವಸ್ಥೆಗೆ ಪ್ಯಾಚ್ ಕೊಟ್ಟರು. ಡೆಬಿಯನ್ 12ರ 9.2ರಲ್ಲಿ ದೋಷವಿತ್ತು, ಅದೇ ದಿನ ತಿದ್ದುಪಡಿಯೂ ಬಂತು. ಆದರೆ ಡೆಬಿಯನ್ನಿನ ಸ್ಥಿರ ಆವೃತ್ತಿಯಲ್ಲಿ ಹೊಸ ಓಪನ್‌ಎಸ್‌ಎಸ್‌ಎಚ್ ತಂದು ಹಾಕುವುದಿಲ್ಲ, ಇರುವ 9.2ಕ್ಕೇ ಆ ಒಂದು ತಿದ್ದುಪಡಿಯನ್ನು ಹೊಲಿದು, ಬಾಲದ ಸಂಖ್ಯೆಯನ್ನು ‘ಡೆಬ್12ಯು3’ ಎಂದು ಏರಿಸಿದರು. ಸ್ಕ್ಯಾನರ್ ಮುಂದಿನ 9.2 ನೋಡಿ ಕೆಂಪು ಗುರುತು ಹಾಕುತ್ತದೆ, ಬಾಲವನ್ನು ನೋಡುವುದಿಲ್ಲ. ನಿಮ್ಮ ಬಾಲ ಅದೇ ಆಗಿದ್ದರೆ ಅಥವಾ ಅದಕ್ಕಿಂತ ಮುಂದಿದ್ದರೆ, ಡೆಬಿಯನ್ ಭದ್ರತಾ ಟ್ರ್ಯಾಕರಿನ ಆ ಪುಟವನ್ನು ವರದಿಗೆ ಲಗತ್ತಿಸಿ ಕಳಿಸಿ. ಸೆಂಟ್‌ಒಎಸ್‌ನ ಹಸಿರಿಗೆ ಇದೊಂದು ದೋಷದ ಮಟ್ಟಿಗೆ ಮಾತ್ರ ಅರ್ಥವಿದೆ. 2024ರ ಜೂನ್ ನಂತರ ಕಂಡುಬಂದ ಬೇರೆ ದೋಷಗಳಿಗೆ ಅಲ್ಲಿ ಹೊಲಿಯುವವರೇ ಇಲ್ಲ.

ಫ್ರೀಬಿಎಸ್‌ಡಿಯಲ್ಲಿ ಲೆಕ್ಕ ಎರಡು ಕಡೆ ಇರುತ್ತದೆ, ಡೆಬಿಯನ್‌ನಿಂದ ಬಂದವರು ಎಡವುವುದು ಇಲ್ಲಿಯೇ. ಮೂಲ ವ್ಯವಸ್ಥೆ ಒಂದು, ಹೊರಗಿನ ಪ್ಯಾಕೇಜುಗಳು ಇನ್ನೊಂದು. ಮೂಲದ ಕಾನ್ಫಿಗ್ ‘ಇಟಿಸಿ’ಯಲ್ಲಿ, ಪ್ಯಾಕೇಜುಗಳದ್ದು ‘ಯುಎಸ್‌ಆರ್ ಲೋಕಲ್ ಇಟಿಸಿ’ಯಲ್ಲಿ. ‘ಪಿಕೆಜಿ ಅಪ್‌ಗ್ರೇಡ್’ ಓಡಿಸಿದರೆ ಪ್ಯಾಕೇಜುಗಳು ಮಾತ್ರ ಹೊಸದಾಗುತ್ತವೆ. ಎಸ್‌ಎಸ್‌ಎಚ್‌ಡಿ ಮೂಲಕ್ಕೆ ಸೇರಿದ್ದು, ಅದಕ್ಕೆ ‘ಫ್ರೀಬಿಎಸ್‌ಡಿ ಅಪ್‌ಡೇಟ್’ ಬೇಕು. ಅದು ಮುಗಿದ ಮೇಲೆ ‘ಫ್ರೀಬಿಎಸ್‌ಡಿ ವರ್ಷನ್’ಗೆ ‘ಕೆಯು’ ಆಯ್ಕೆ ಕೊಟ್ಟು, ಡಿಸ್ಕಿನಲ್ಲಿರುವ ಕರ್ನಲ್ಲನ್ನು ‘ಯುನೇಮ್’ ತೋರಿಸುವ, ಈಗ ಓಡುತ್ತಿರುವ ಕರ್ನಲ್‌ಗೆ ಹೋಲಿಸಿ. ಎರಡೂ ಬೇರೆಯಿದ್ದರೆ ರೀಬೂಟ್ ಬಾಕಿ ಇದೆ. ಪ್ಯಾಕೇಜುಗಳಲ್ಲಿ ಗೊತ್ತಾದ ದೋಷಗಳಿವೆಯೇ ಎಂದು ‘ಪಿಕೆಜಿ ಆಡಿಟ್’ ಹೇಳುತ್ತದೆ. ಡೆಬಿಯನ್ನಿನಲ್ಲಿ ಇಂಥದ್ದೇ ಕೆಲಸಕ್ಕೆ ‘ನೀಡ್‌ರೀಸ್ಟಾರ್ಟ್’ ಇದೆ. ಲೈಬ್ರರಿ ಹೊಸದಾದರೂ ಹಳೆಯದನ್ನೇ ಹಿಡಿದು ಓಡುತ್ತಿರುವ ಸೇವೆಗಳನ್ನು ಅದು ಪಟ್ಟಿ ಮಾಡುತ್ತದೆ.

ಆನ್ಸಿಬಲ್ ವಿಷಯದಲ್ಲಿ ಒಳ್ಳೆಯ ಮಾತನ್ನೂ ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಸಾಲು ತಿದ್ದುವ ಕೆಲಸದಲ್ಲಿ ಅದು ಸೆಡ್‌ನ ಭೇದಗಳನ್ನು ದಾಟಿಸುತ್ತದೆ, ಯಾವುದಾದರೂ ಹಂತ ಸೋತರೆ ಆ ಯಂತ್ರದಲ್ಲಿ ಅಲ್ಲಿಯೇ ನಿಲ್ಲುತ್ತದೆ, ‘ಮುಗಿಯಿತು’ ಎಂದು ಹೇಳುವುದಿಲ್ಲ. ಆದರೆ ಅತ್ತ ಕಡೆಯ ಯಂತ್ರದಲ್ಲಿ ಪೈಥಾನ್ ಬೇಕು. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎರಡರ ಮೂಲದಲ್ಲೂ ಪೈಥಾನ್ ಇಲ್ಲ, ಪ್ಯಾಕೇಜಾಗಿ ಹಾಕಿಕೊಳ್ಳಬೇಕು. ಸೆಂಟ್‌ಒಎಸ್ 7ರಲ್ಲಿರುವುದು ಪೈಥಾನ್ 2.7, ಆನ್ಸಿಬಲ್ ಕೋರ್ 2.17ರಿಂದ ಅದನ್ನು ಕೈಬಿಟ್ಟಿದ್ದಾರೆ, ಆದ್ದರಿಂದ ಆ ಯಂತ್ರಗಳು ಇರುವಷ್ಟು ದಿನ ನಿಮ್ಮ ಲ್ಯಾಪ್‌ಟಾಪಿನಲ್ಲಿ 2.16 ಇಟ್ಟುಕೊಳ್ಳಿ.

ನಾಲ್ಕೂ ವ್ಯವಸ್ಥೆಗಳಿಗೆ ಒಂದೇ ಪ್ಲೇಬುಕ್ (ಆನ್ಸಿಬಲ್‌ಗೆ ಕೊಡುವ ಆದೇಶಗಳ ಫೈಲು) ಬರೆದು, ಒಳಗೆ ‘ಇದು ಡೆಬಿಯನ್ ಆದರೆ ಹೀಗೆ, ಫ್ರೀಬಿಎಸ್‌ಡಿ ಆದರೆ ಹಾಗೆ’ ಎಂದು ಹೆಣೆಯುತ್ತ ಹೋಗಬೇಡಿ ಎಂಬುದು ನನ್ನ ಸಲಹೆ. ಆರು ತಿಂಗಳಲ್ಲಿ ಅದು ನಿಮಗೇ ಓದಲು ಬಾರದಂತಾಗುತ್ತದೆ. ‘ಪಾಸ್‌ವರ್ಡ್ ಲಾಗಿನ್ ಇರಬಾರದು’, ‘ಗಡಿಯಾರ ಸರಿಯಿರಬೇಕು’, ‘ರೂಟ್‌ಗೆ ಬರುವ ಅಂಚೆ ನನಗೆ ತಲುಪಬೇಕು’ ಎಂಬ ತೀರ್ಮಾನಗಳು ಎಲ್ಲ ಯಂತ್ರಗಳಿಗೂ ಒಂದೇ ಇರಲಿ; ಅವನ್ನು ಸಾಧಿಸುವ ಫೈಲು ಮಾತ್ರ ಪ್ರತಿ ಕುಟುಂಬಕ್ಕೆ ಬೇರೆಯಾಗಿರಲಿ. ಗಡಿಯಾರವನ್ನೇ ನೋಡಿ: ಡೆಬಿಯನ್ 12ರಲ್ಲಿ ಟೈಮ್‌ಸಿಂಕ್‌ಡಿ, ಸೆಂಟ್‌ಒಎಸ್‌ನಲ್ಲಿ ಕ್ರೋನಿ, ಎರಡು ಬಿಎಸ್‌ಡಿಗಳಲ್ಲೂ ಎನ್‌ಟಿಪಿಡಿ ಎಂಬ ಒಂದೇ ಹೆಸರಿನ ಎರಡು ಬೇರೆ ಬೇರೆ ತಂತ್ರಾಂಶಗಳು. ಬೇಕಾದ ಫಲ ಒಂದೇ, ದಾರಿ ನಾಲ್ಕು. ಹಾಗೆಯೇ ಯಾವುದಾದರೂ ಯಂತ್ರ ಯುಟಿಸಿಯಲ್ಲಿ ಉಳಿದಿದೆಯೇ ನೋಡಿ. ಐದೂವರೆ ಗಂಟೆಯ ಅಂತರದ ಲಾಗ್‌ಗಳನ್ನು ರಾತ್ರಿ ಹೊತ್ತು ಜೋಡಿಸಿ ಓದುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಆ ದೊಡ್ಡ ಯಂತ್ರವನ್ನು ಡೆಬಿಯನ್‌ಗೆ ತರುವುದಾದರೆ ಮುಂದಿನ ವರ್ಷ ಅದನ್ನೂ ಯೋಚಿಸಬಹುದು ಎಂದು ನನಗನಿಸುತ್ತದೆ. ಅದರ ಡಿಸ್ಕುಗಳನ್ನು ನೋಡಿಕೊಳ್ಳುವ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಡೆಬಿಯನ್ನಿನಲ್ಲಿಯೂ ಸಿಗುತ್ತದೆ, ಒಬ್ಬರೇ ನೋಡಿಕೊಳ್ಳುವ ಕಡೆ ಎರಡು ಬಗೆ ಸಾಕು.

ಉತ್ತರ: ಹಳೇಬೇರು

ಕೆರೆಏರಿ ಅವರ ಕೊನೆಯ ಮಾತನ್ನು ಒಪ್ಪಲಾರೆ. ಡೆಬಿಯನ್ನಿನಲ್ಲಿ ಝಡ್‌ಎಫ್‌ಎಸ್ ಸಿಗುತ್ತದೆ ಎಂಬುದು ನಿಜ, ಆದರೆ ಪರವಾನಗಿಗಳ ಹೊಂದಾಣಿಕೆಯ ತೊಡಕಿನಿಂದ ಅದು ಕರ್ನಲ್ಲಿನ ಒಳಗಿಲ್ಲ. ‘ಕಾಂಟ್ರಿಬ್’ ಭಾಗದಿಂದ ತಂದು, ಕರ್ನಲ್ ಬದಲಾದಾಗಲೆಲ್ಲ ಡಿಕೆಎಂಎಸ್ ಮೂಲಕ ಮಾಡ್ಯೂಲನ್ನು ಕಟ್ಟಿಕೊಳ್ಳಬೇಕು. ಒಂದು ಬೆಳಗ್ಗೆ ಆ ಕಟ್ಟುವಿಕೆ ಸೋತರೆ ರೀಬೂಟ್ ಆದ ಮೇಲೆ ಪೂಲ್, ಅಂದರೆ ಒಟ್ಟುಗೂಡಿಸಿದ ಡಿಸ್ಕುಗಳ ಗುಂಪು, ಕಾಣುವುದಿಲ್ಲ. ಫ್ರೀಬಿಎಸ್‌ಡಿಯಲ್ಲಿ ಅದು 2008ರ 7.0 ಆವೃತ್ತಿಯಿಂದ ಮೂಲದಲ್ಲೇ ಇದೆ. ಎಲ್ಲರ ಬ್ಯಾಕಪ್ ಇರುವ ಯಂತ್ರದಲ್ಲಿ, ನಿರ್ವಾಹಕರಿಗೆ ರೂಢಿಯಿರುವ ವ್ಯವಸ್ಥೆ ಯಾವುದು ಎನ್ನುವುದಕ್ಕಿಂತ ಡಿಸ್ಕುಗಳ ಮೇಲಿರುವುದು ಉಳಿಯುತ್ತದೆಯೇ ಎನ್ನುವುದು ದೊಡ್ಡದು.

14ಕ್ಕೆ ಏರಿಸುವ ಮೊದಲು ‘ಬಿಇಸಿಟಿಎಲ್’ನಿಂದ ಒಂದು ಬೂಟ್ ಎನ್ವಿರಾನ್ಮೆಂಟ್ ಮಾಡಿಡಿ, ಕೆಟ್ಟರೆ ಬೂಟ್ ಮೆನುವಿನಿಂದಲೇ ಹಿಂದಿನ ವ್ಯವಸ್ಥೆಗೆ ಮರಳಬಹುದು. ಏರಿಸಿದ ಮೇಲೆ ‘ಝಡ್‌ಪೂಲ್ ಸ್ಟೇಟಸ್’ ನೋಡಿದರೆ ಹೊಸ ಸೌಲಭ್ಯಗಳು ಕೆಲವು ಚಾಲ್ತಿಯಲ್ಲಿಲ್ಲ, ಪೂಲನ್ನು ಅಪ್‌ಗ್ರೇಡ್ ಮಾಡಬಹುದು ಎಂದು ಹೇಳುತ್ತದೆ. ಅದು ಎಚ್ಚರಿಕೆಯಲ್ಲ, ಅವಸರವೂ ಇಲ್ಲ. ಒಮ್ಮೆ ಮಾಡಿದರೆ 13ಕ್ಕೆ ಹಿಂದಿರುಗುವ ದಾರಿ ಮುಚ್ಚಬಹುದು, ಆದ್ದರಿಂದ ಒಂದೆರಡು ತಿಂಗಳು ಹಾಗೆಯೇ ಬಿಡಿ.

ರೂಟ್‌ಗೆ ಬರುವ ಅಂಚೆಯ ಬಗ್ಗೆ ಹೇಳಿದ್ದು ಬಹಳ ಒಳ್ಳೆಯದಾಯಿತು. ಓಪನ್‌ಬಿಎಸ್‌ಡಿ ಪ್ರತಿ ರಾತ್ರಿ ‘ಇಟಿಸಿ’ಯ ಮುಖ್ಯ ಫೈಲುಗಳಲ್ಲಿ ಏನು ಬದಲಾಗಿದೆ ಎಂದು ಹೋಲಿಸಿ ರೂಟ್‌ಗೆ ಪತ್ರ ಬರೆಯುತ್ತದೆ, ಫ್ರೀಬಿಎಸ್‌ಡಿಯೂ ದಿನದ ವರದಿ ಕಳಿಸುತ್ತದೆ. ಹಿಂದಿನವರು ಇವನ್ನು ತಮ್ಮ ವಿಳಾಸಕ್ಕೆ ತಿರುಗಿಸಿಕೊಂಡಿದ್ದಿರಬಹುದು, ಆ ವಿಳಾಸ ಈಗ ಇಲ್ಲದಿರಬಹುದು. ಮೊದಲು ಅದನ್ನು ತೆರೆದು ನೋಡಿ, ಆಮೇಲೆ ಉಳಿದದ್ದು.

ಮರುಮಾತು: ತುಂಗಾತೀರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ.

ಫೈರ್‌ವಾಲ್ 7.8ಕ್ಕೆ ಬಂದಿದೆ. ಭಾನುವಾರ ಬೆಳಗ್ಗೆ ಆರಂಭಿಸಿ, ಎರಡು ಮೆಟ್ಟಿಲನ್ನೂ ತಿಂಡಿಯ ಹೊತ್ತಿಗೆ ಮುಗಿಸಿದೆ. ಪರೀಕ್ಷಾ ವಿಭಾಗದ ನಿಯಮವನ್ನು ಕಡಲದಂಡೆ ಅವರು ಹೇಳಿದ ಕ್ರಮದಲ್ಲೇ ಹಾಕಿದೆ. ಮೊದಲ ಸಲ ತಪ್ಪು ಸಾಲು ಬರೆದಿದ್ದೆ, ಹೊಸ ಕಿಟಕಿಯಿಂದ ಒಳಬರಲಾಗಲಿಲ್ಲ, ಹತ್ತನೆಯ ನಿಮಿಷಕ್ಕೆ ಹಳೆಯ ನಿಯಮಗಳು ತಾವೇ ಮರಳಿದವು. ಆ ಹತ್ತು ನಿಮಿಷ ಗಡಿಯಾರವನ್ನೇ ನೋಡುತ್ತ ಕುಳಿತಿದ್ದೆ.

ಅಂಕಪಟ್ಟಿಯ ಹೊಸ ಯಂತ್ರದಲ್ಲಿ ಡೇಟಾ ಇಳಿದಿದೆ, ಹಳೆಯ ಫಂಕ್ಷನ್‌ಗಳನ್ನು ಬದಲಿಸಲು ತಂತ್ರಾಂಶ ಬರೆದವರನ್ನು ಕೇಳಿಕೊಂಡಿದ್ದೇವೆ. ಅದು ನಿಧಾನದ ಕೆಲಸ.

ರೂಟ್‌ನ ಅಂಚೆಯನ್ನು ಫ್ರೀಬಿಎಸ್‌ಡಿಯಲ್ಲಿ ತೆರೆದಾಗ ನೂರಾರು ವರದಿಗಳು ಓದದೆ ಬಿದ್ದಿದ್ದವು. ಹಿಂದಿನವರು ದಿನದ ವರದಿಯಲ್ಲಿ ಝಡ್‌ಎಫ್‌ಎಸ್‌ನ ಸ್ಥಿತಿಯೂ ಬರುವಂತೆ ಮಾಡಿಟ್ಟಿದ್ದರು. ಹಿಂದಕ್ಕೆ ಓದುತ್ತ ಹೋದರೆ, ನಾನು ಕೆಲಸಕ್ಕೆ ಸೇರಿದ ನಾಲ್ಕನೆಯ ವಾರದಿಂದ ಪ್ರತಿ ದಿನವೂ ಅದೇ ಸಾಲು: ಪೂಲಿನ ಸ್ಥಿತಿ ‘ಡಿಗ್ರೇಡೆಡ್’, ಆರು ಡಿಸ್ಕುಗಳಲ್ಲಿ ನಾಲ್ಕನೆಯದು ‘ಫಾಲ್ಟೆಡ್’. ರೇಡ್‌ಝಡ್2 (ಎರಡು ಡಿಸ್ಕು ಕೆಟ್ಟರೂ ತಾಳುವ ಜೋಡಣೆ) ಆಗಿದ್ದರಿಂದ ಇನ್ನೊಂದು ಹೋಗಿದ್ದರೂ ಡೇಟಾ ಉಳಿಯುತ್ತಿತ್ತು, ಇನ್ನೆರಡು ಹೋಗಿದ್ದರೆ ಇಲ್ಲ. ಅದೇ ದಿನ ಡಿಸ್ಕ್ ತರಿಸಲು ಹೇಳಿದೆ, ಗುರುವಾರ ಬಂತು. ಸಂಜೆ ಐದಕ್ಕೆ ಬದಲಿಸಿ ‘ಝಡ್‌ಪೂಲ್ ರಿಪ್ಲೇಸ್’ ಕೊಟ್ಟೆ. ರಾತ್ರಿಯಿಡೀ ಡೇಟಾವನ್ನು ಮರಳಿ ತುಂಬಿಸಿಕೊಂಡು, ಬೆಳಗಿನ ಜಾವ ಮೂರೂವರೆಗೆ ದೋಷ ಸೊನ್ನೆ ಎಂದು ತೋರಿಸಿತು. ಆ ಅಂಚೆ ಈಗ ನನ್ನ ಪೆಟ್ಟಿಗೆಗೆ ಬರುತ್ತದೆ, ಹಾಜರಿ ಹಾಕುವ ಮೊದಲು ಅದನ್ನು ಓದುತ್ತೇನೆ.